ಎಲ್ಲ ಬರುವವಳು

ಹಾರಾಲಾಂಪಿ ಮೇಷ್ಟ್ರು ಮೊದಲ ಸಲ ಮನೆಗೆ ಬಂದಾಗ ದೊಬ್ರಿನಾಳ ತಾಯಿ ಸ್ತೋಯಾ ಒಲೆಯಿಂದ ಬಾನಿತ್ಸಾ ತೆಗೆಯುತ್ತಿದ್ದಳು. ಬಂದವರು ಅಡುಗೆಮನೆಯಲ್ಲೇ ಕೂತರು. ಚೀಸು ತುಂಬಿದ ಆ ಪದರು ರೊಟ್ಟಿಯನ್ನು ಎರಡು ಸಲ ಕೇಳಿ ಹಾಕಿಸಿಕೊಂಡು ತಿಂದು, ಮೇಲೊಂದು ಲೋಟ ಮಜ್ಜಿಗೆ ಕುಡಿದು, ಬಾಯಿ ಒರೆಸಿಕೊಂಡು ವಿಷಯಕ್ಕೆ ಬಂದರು.

“ನಿಮ್ಮ ಮಗಳಿಗೆ ಏನು ಬರುತ್ತೆ ಅಂತ ಕೇಳ್ಬೇಡಿ ತಾಯಿ, ಏನು ಬರಲ್ಲ ಅಂತ ಕೇಳಿ. ನಿನ್ನೆ ಶಾಲೆಗಳ ಕ್ರೀಡಾಕೂಟದಲ್ಲಿ ಓಡಿದ್ಲು, ಗೆದ್ಲು. ಜಿಗಿದ್ಲು, ಗೆದ್ಲು. ಗುಂಡು ಎಸೆಯೋ ಹುಡುಗಿ ಬಂದಿಲ್ಲ ಅಂತ ಇವಳ ಕೈಗೆ ಕೊಟ್ರು. ಜನ್ಮದಲ್ಲಿ ಮುಟ್ಟಿರ್ಲಿಲ್ವಂತೆ. ಅದನ್ನೂ ಗೆದ್ಲು! ನನ್ನ ಹತ್ರ ಬಿಡಿ ಇವಳನ್ನ.”

ಸ್ತೋಯಾ ರೂಸೆ ಪಟ್ಟಣದ ಜವಳಿ ಗಿರಣಿಯಲ್ಲಿ ನೇಯುವವಳು. ಹೊಗಳಿಕೆಗೆ ಸುಲಭವಾಗಿ ಉಬ್ಬುವವಳಲ್ಲ. ತಟ್ಟೆ ಎತ್ತುತ್ತ ಹೇಳಿದಳು: “ನಮ್ಮ ಗಿರಣೀಲೂ ಇಂಥವಳು ಒಬ್ಬಳಿದಾಳೆ ಮೇಷ್ಟ್ರೇ. ಎಲ್ಲ ಮಗ್ಗಾನೂ ಬರುತ್ತೆ ಅವಳಿಗೆ. ಯಾರು ರಜಾ ಹಾಕಿದ್ರೂ ಅವಳನ್ನೇ ತಂದು ನಿಲ್ಲಿಸ್ತಾರೆ. ತನ್ನದು ಅಂತ ಒಂದು ಮಗ್ಗ ಮಾತ್ರ ಇವತ್ತಿಗೂ ಇಲ್ಲ.”

ಮೇಷ್ಟ್ರು ಜೋರಾಗಿ ನಕ್ಕರು. “ನಾನಿರೋವಾಗ ಹಾಗೆ ಆಗೋಕೆ ಬಿಡ್ತೀನಾ?”

ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಹದಿನೈದರ ದೊಬ್ರಿನಾಳಿಗೆ ತಾಯಿಯ ಮೇಲೆ ಸಿಟ್ಟು ಬಂತು. ಮನೆಗೆ ಬಂದ ಭಾಗ್ಯವನ್ನು ಕಾಲಿನಿಂದ ಒದೆಯುತ್ತಾಳಲ್ಲ ಈ ಅಮ್ಮ ಎಂದುಕೊಂಡಳು. ಮಾರನೆಯ ದಿನವೇ ಡ್ಯಾನ್ಯೂಬ್ ದಂಡೆಯ ಬಂದರು ಕ್ಲಬ್ಬಿನ ಮೈದಾನಕ್ಕೆ ಹೋದಳು.

ಮೇಷ್ಟ್ರು ಒಳ್ಳೆಯ ತರಬೇತುದಾರ, ಅದರಲ್ಲಿ ಎರಡು ಮಾತಿಲ್ಲ. ಕಲ್ಲಿನಿಂದಲೂ ಬೆವರು ಹರಿಸುವ ಮನುಷ್ಯ ಅಂತ ಹೆಸರು. ಚಳಿಗಾಲದಲ್ಲಿ ನದಿಯ ಮೇಲಿನಿಂದ ಬೀಸುವ ಗಾಳಿಗೆ ಮುಖದ ಚರ್ಮ ಸೀಳುವಾಗಲೂ ಮೈದಾನದಲ್ಲಿ ತಾವೇ ಮೊದಲು ಬಂದು ನಿಂತಿರುತ್ತಿದ್ದರು. ದೊಬ್ರಿನಾಳ ಕಾಲಿನ ಅಳತೆ, ಉಸಿರಿನ ಓಟ, ಅವಳು ಯಾವ ಹೊತ್ತಿಗೆ ಹಟ ಹಿಡಿಯುತ್ತಾಳೆ, ಯಾವ ಹೊತ್ತಿಗೆ ಅಳುತ್ತಾಳೆ, ಎಲ್ಲ ಅವರಿಗೆ ಗೊತ್ತಿತ್ತು. ತಂದೆಯಿಲ್ಲದ ಹುಡುಗಿ ಅವರನ್ನು ತಂದೆಯ ಜಾಗದಲ್ಲೇ ಕೂರಿಸಿಕೊಂಡಳು.

ಆಗ ಹೆಂಗಸರಿಗೆ ಐದು ಸ್ಪರ್ಧೆಗಳ ಪೆಂಟಾಥ್ಲಾನ್ ಇತ್ತು. ಮುಂದೆ ಅದು ಹೋಗಿ ಏಳರ ಹೆಪ್ಟಾಥ್ಲಾನ್ ಬರುತ್ತದೆ, ಈಟಿ ಎಸೆತವೂ ಎಂಟುನೂರು ಮೀಟರ್ ಓಟವೂ ಸೇರುತ್ತವೆ ಎಂಬ ಸುದ್ದಿ ಹಬ್ಬಿತ್ತು. “ಏಳು ಬರಲಿ ತಾಳು,” ಎನ್ನುತ್ತಿದ್ದರು ಮೇಷ್ಟ್ರು. “ಅದು ನಿನಗಂತಲೇ ಹುಟ್ಟಿದ ಆಟ. ಅಲ್ಲೀವರೆಗೂ ಕ್ಲಬ್ಬಿಗೆ ಸ್ವಲ್ಪ ಕೈ ಹಚ್ಚು.”

ಕೈ ಹಚ್ಚು ಎಂದರೆ ತೂತು ಮುಚ್ಚು ಎಂದರ್ಥ. ಕ್ಲಬ್ಬುಗಳ ತಂಡ ಪಂದ್ಯದಲ್ಲಿ ಪ್ರತಿ ಸ್ಪರ್ಧೆಗೂ ಅಂಕವಿತ್ತು. ಬಂದರು ಕ್ಲಬ್ಬು ದೊಡ್ಡ ಕ್ಲಬ್ಬಲ್ಲ. ಈಟಿ ಎಸೆಯುವವಳು ಬಸುರಿಯಾದ ವರ್ಷ ದೊಬ್ರಿನಾ ಈಟಿ ಎಸೆದಳು. ರಿಲೇ ಓಡುವವರಲ್ಲಿ ಇಬ್ಬರು ಜಗಳವಾಡಿ ಬಿಟ್ಟುಹೋದಾಗ ರಿಲೇ ಓಡಿದಳು. ಒಂದು ಸಲ ಮೂರು ಸಾವಿರ ಮೀಟರನ್ನೂ ಓಡಿ, ಗೆರೆ ದಾಟಿ ಹುಲ್ಲಿನ ಮೇಲೆ ವಾಂತಿ ಮಾಡಿಕೊಂಡಳು. ಎಲ್ಲೂ ಮೊದಲಿಗಳಾಗುತ್ತಿರಲಿಲ್ಲ, ಎಲ್ಲೂ ಕಡೆಯವಳೂ ಆಗುತ್ತಿರಲಿಲ್ಲ. ಮೂರನೆಯವಳೋ ನಾಲ್ಕನೆಯವಳೋ ಆಗಿ ಅಂಕ ತಂದು ಮೇಷ್ಟ್ರ ಮಡಿಲಿಗೆ ಹಾಕುತ್ತಿದ್ದಳು.

ತಂಡದ ಹುಡುಗಿಯರಿಗೆ ಅವಳು ನಗೆಚಾಟಿಕೆಯ ವಸ್ತುವಾದಳು. “ದೊಬ್ರಿನಾ, ಏಳೇ ಏಳು, ಬಸ್ ಡ್ರೈವರ್ ಕುಡಿದು ಮಲಗಿದಾನಂತೆ. ಸ್ಟೇರಿಂಗ್ ಹಿಡಿ, ಪಾಯಿಂಟ್ ಸಿಗುತ್ತೆ!” ಎಂದು ಕೂಗಿದರೆ ಹಿಂದಿನ ಸೀಟಿನವರೆಗೂ ನಗೆ ಉರುಳುತ್ತಿತ್ತು. ಅವಳೂ ನಗುತ್ತಿದ್ದಳು. ಆದರೆ ತನ್ನದೇ ಆಟಕ್ಕೆ ತಯಾರಾಗಲು ಒಂದು ಪೂರ್ತಿ ಬೇಸಿಗೆ ಅವಳಿಗೆ ಒಮ್ಮೆಯೂ ಸಿಗಲಿಲ್ಲ. ದೋಣಿಗಳ ಎಂಜಿನ್ ರಿಪೇರಿ ಮಾಡುವ ಮೆತೊದಿ ಎಂಬುವನು ಅವಳನ್ನು ಮದುವೆಯಾಗಬೇಕೆಂದು ನಾಲ್ಕು ವರ್ಷ ಕಾದು, ಕಡೆಗೆ “ನಿನಗೆ ಎಲ್ಲದಕ್ಕೂ ಪುರಸೊತ್ತಿದೆ, ನನಗೊಬ್ಬನಿಗೆ ಇಲ್ಲ” ಎಂದು ಬೇರೆಯವಳ ಕೈ ಹಿಡಿದ.

ಹೆಪ್ಟಾಥ್ಲಾನ್ ಬಂತು. ಅದೇ ಹೊತ್ತಿಗೆ ಸ್ಲಿವೆನ್‌ನಿಂದ ಇಸ್ಕ್ರಾ ಎಂಬ ಹುಡುಗಿಯೂ ಕ್ಲಬ್ಬಿಗೆ ಬಂದಳು. ಉದ್ದ ಕಾಲು, ಕಿಡಿಯಂಥ ಓಟ. ಹರ್ಡಲ್ಸ್ ಮೇಲೆ ಹಾರಿದರೆ ಬಟ್ಟೆಯ ಗಾಳಿಯೂ ತಗಲುತ್ತಿರಲಿಲ್ಲ. ಆದರೆ ಗುಂಡು ಹಿಡಿದರೆ ಬಿಸಿ ಆಲೂಗೆಡ್ಡೆ ಹಿಡಿದ ಹಾಗೆ, ಈಟಿ ಎಸೆದರೆ ಅಡ್ಡಡ್ಡ ಬೀಳುತ್ತಿತ್ತು.

“ನೀನು ಸ್ವಲ್ಪ ತೋರಿಸಿಕೊಡು ಇವಳಿಗೆ. ನಾನು ಬಾಯಲ್ಲಿ ಹೇಳ್ಬೋದು, ಕೈಯಲ್ಲಿ ತೋರ್ಸೋಳು ನೀನೇ,” ಎಂದರು ಮೇಷ್ಟ್ರು.

ದೊಬ್ರಿನಾ ತೋರಿಸಿಕೊಟ್ಟಳು. ಕ್ಲಬ್ಬಿನ ಹಾಸ್ಟೆಲಿನ ತನ್ನ ಕೋಣೆಯಲ್ಲಿ ಜಾಗ ಕೊಟ್ಟಳು, ಅಮ್ಮ ಕಳಿಸಿದ ಮೆಣಸಿನಕಾಯಿ ಗೊಜ್ಜಿನಲ್ಲಿ ಪಾಲು ಕೊಟ್ಟಳು. ಸಂಜೆ ಎಲ್ಲರೂ ಹೋದ ಮೇಲೆ ಇಬ್ಬರೇ ಮೈದಾನದಲ್ಲಿ ನಿಂತು, ಅವಳ ಮೊಣಕೈ ಹಿಡಿದು ಎತ್ತರಕ್ಕೆ ಏರಿಸಿ, “ಕೈಯಿಂದಲ್ಲ ಕಣೇ, ಸೊಂಟದಿಂದ ಎಸಿ. ಸೊಂಟ ಮೊದಲು ಹೋಗ್ಲಿ, ಕೈ ಹಿಂದೆ ಬರುತ್ತೆ,” ಎಂದು ಹೇಳಿಕೊಟ್ಟಳು. ಒಂದು ದಿನ ಈಟಿ ನೆಟ್ಟಗೆ ಹೋಗಿ ನೆಲಕ್ಕೆ ಕಚ್ಚಿ ನಿಂತಾಗ ಇಸ್ಕ್ರಾ ಕಿರುಚಿ ಬಂದು ಅವಳ ಕೊರಳಿಗೆ ಬಿದ್ದಳು. “ಅಕ್ಕಾ, ನೀನಿಲ್ದಿದ್ರೆ ನಾನು ಊರಿಗೆ ವಾಪಸ್ ಹೋಗ್ತಿದ್ದೆ ಕಣಕ್ಕಾ!”

ಮರುವರ್ಷ ಯೂರೋಪ್ ಚಾಂಪಿಯನ್‌ಶಿಪ್ಪಿಗೆ ದೇಶದ ತಂಡದಲ್ಲಿ ಹೆಪ್ಟಾಥ್ಲಾನ್‌ಗೆ ಎರಡು ಸ್ಥಾನ. ಒಂದು ಆಗಲೇ ರಾಜಧಾನಿ ಸೋಫಿಯಾದ ಹುಡುಗಿಯೊಬ್ಬಳ ಪಾಲಾಗಿತ್ತು. ಉಳಿದ ಒಂದಕ್ಕೆ ಸೋಫಿಯಾದಲ್ಲೇ ಆಯ್ಕೆ ಪಂದ್ಯ. ದೊಬ್ರಿನಾಳಿಗೆ ಆಗ ಇಪ್ಪತ್ತಾರು. ಮೈ ಅಷ್ಟು ಹದವಾಗಿ ಯಾವತ್ತೂ ಇರಲಿಲ್ಲ. ಅಭ್ಯಾಸದಲ್ಲಿ ಇಸ್ಕ್ರಾಗಿಂತ ಸ್ವಲ್ಪ ಮುಂದಿದ್ದಳು. ಬೆಳಿಗ್ಗೆ ಎದ್ದರೆ ಕಾಲು ತಾನಾಗಿಯೇ ಓಡಬೇಕೆನ್ನುತ್ತಿತ್ತು. ಇದನ್ನು ಅವಳು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ, ದೃಷ್ಟಿಯಾದೀತೆಂದು.

ಆಯ್ಕೆಗೆ ಒಂದು ವಾರವಿದ್ದಾಗ ಪ್ಲೊವ್‌ದಿವ್‌ನಲ್ಲಿ ಕ್ಲಬ್ಬುಗಳ ಪಂದ್ಯ ಬಿತ್ತು. ದೊಬ್ರಿನಾ, ಇಸ್ಕ್ರಾ ಇಬ್ಬರನ್ನೂ ಅದರಿಂದ ಬಿಟ್ಟಿದ್ದರು. ಹೊರಡುವ ಹಿಂದಿನ ದಿನ ಮೇಷ್ಟ್ರು ಅವಳ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕೂತರು.

“ಮಿನ್ಕಾಗೆ ಜ್ವರ ಕಣೆ ಹುಡುಗಿ.”

ಮಿನ್ಕಾ ನಾನೂರು ಮೀಟರ್ ಹರ್ಡಲ್ಸ್ ಓಡುವವಳು. ದೊಬ್ರಿನಾಳಿಗೆ ಮುಂದಿನ ಮಾತು ಗೊತ್ತಾಯಿತು.

“ಬೇಡ ಮೇಷ್ಟ್ರೇ,” ಎಂದಳು. ಹತ್ತು ವರ್ಷಕ್ಕೂ ಮೇಲಿನ ಒಡನಾಟದಲ್ಲಿ ಅವರಿಗೆ ಅವಳು ಬೇಡ ಎಂದದ್ದು ಅದೇ ಮೊದಲು. “ಇದೊಂದು ಸಲ ಬಿಟ್ಬಿಡಿ. ಸೋಫಿಯಾ ಮುಗಿದ ಮೇಲೆ ಏನು ಹೇಳಿದ್ರೂ ಓಡ್ತೀನಿ.”

“ನಾನೇನು ನಿನ್ನ ಬಲವಂತ ಮಾಡ್ತಿದೀನಾ? ಒಂದೇ ಓಟ. ಅದಿಲ್ದಿದ್ರೆ ಮೊದಲನೇ ದರ್ಜೆಯಿಂದ ಕೆಳಗೆ ಬೀಳ್ತೀವಿ. ಬಿದ್ರೆ ಈ ಮೈದಾನ ಇರುತ್ತೋ ಇಲ್ವೋ. ಇಷ್ಟು ಜನ ಹುಡುಗಿಯರ ಅನ್ನ ಇದು.” ಮೊಣಕಾಲ ಮೇಲೆ ಕೈಯೂರಿ, “ಹೋಗ್ಲಿ ಬಿಡು. ನೀನೂ ಬದಲಾದೆ. ಎಲ್ರೂ ಬದಲಾಗ್ತಾರೆ,” ಎಂದು ಎದ್ದರು.

ಅವರು ಬಾಗಿಲು ಮುಟ್ಟುವ ಮುಂಚೆ ಅವಳು, “ಬರ್ತೀನಿ, ಕೂತ್ಕೊಳ್ಳಿ,” ಎಂದಳು.

ಪ್ಲೊವ್‌ದಿವ್‌ನ ಬಿಸಿಲಿಗೆ ಓಡುದಾರಿ ಕಾದ ಕಾವಲಿಯಾಗಿತ್ತು. ಕೊನೆಯ ಹರ್ಡಲ್ ದಾಟಿ ನೆಲಕ್ಕೆ ಕಾಲಿಟ್ಟಾಗ ಯಾರೋ ಹಿಂದಿನಿಂದ ಹಿಮ್ಮಡಿಗೆ ದೊಣ್ಣೆಯಲ್ಲಿ ಹೊಡೆದಂತಾಯಿತು. ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ. ಹಿಮ್ಮಡಿಯ ಮೇಲಿನ ದಪ್ಪ ನರ ಕಡಿದುಹೋಗಿತ್ತು. ಬೇರೆ ಯಾರಾದರೂ ಅಲ್ಲೇ ಕುಸಿಯುತ್ತಿದ್ದರು. ದೊಬ್ರಿನಾಳಿಗೆ ಅಂಕದ ನೆನಪಾಯಿತು. ಒಂದೇ ಕಾಲಿನಲ್ಲಿ ಕುಪ್ಪಳಿಸುತ್ತ ಹೋಗಿ ಗೆರೆ ದಾಟಿ ಬಿದ್ದಳು. ಆ ಅಂಕದಿಂದಲೇ ಬಂದರು ಕ್ಲಬ್ಬು ಮೊದಲ ದರ್ಜೆಯಲ್ಲಿ ಉಳಿಯಿತು.

ಆಸ್ಪತ್ರೆಗೆ ತಾಯಿ ಸ್ತೋಯಾ ಬಂದಳು. ಗಿರಣಿಯಲ್ಲಿ ರಜೆ ಬೇಡಿ, ಎರಡು ರೈಲು ಬದಲಿಸಿ ಬಂದವಳು ಮಗಳ ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟಳು. ಹತ್ತಿರ ಕೂತು ಸೇಬು ಹೆಚ್ಚಿಕೊಟ್ಟಳು. ಮೇಷ್ಟ್ರು ಬರಲಿಲ್ಲ. ಅವರು ಇಸ್ಕ್ರಾಳ ಜೊತೆ ಸೋಫಿಯಾದಲ್ಲಿದ್ದರು.

ಇಸ್ಕ್ರಾ ಆಯ್ಕೆಯಾದಳು, ಯೂರೋಪ್ ಪಂದ್ಯಕ್ಕೆ ಹೋದಳು, ಬೆಳ್ಳಿ ತಂದಳು. ವಾರ್ಡಿನ ಟೀವಿಯಲ್ಲಿ ದೊಬ್ರಿನಾ ಪೂರ್ತಿ ಎರಡು ದಿನ ನೋಡಿದಳು. ಈಟಿ ಎಸೆಯುವ ಹೊತ್ತಿಗೆ ಇಸ್ಕ್ರಾಳ ಸೊಂಟ ಮೊದಲು ಹೋಯಿತು, ಕೈ ಹಿಂದೆ ಬಂತು. “ಹಾಗೇ, ಹಾಗೇ ಕಣೇ!” ಎಂದು ಇವಳು ಹಾಸಿಗೆಯಲ್ಲೇ ಕೂಗಿದಳು. ಪಕ್ಕದ ಹಾಸಿಗೆಯ ಮುದುಕಿ, “ನಿನ್ನ ತಂಗೀನಾ?” ಎಂದು ಕೇಳಿದಳು. ದೊಬ್ರಿನಾ ಹೌದೆಂದಳು. ಮುಗಿದ ಮೇಲೆ ಮೈಕು ಹಿಡಿದವನಿಗೆ ಇಸ್ಕ್ರಾ, “ಎಲ್ಲ ನಮ್ಮ ಮೇಷ್ಟ್ರ ದಯೆ,” ಎಂದಳು. ಬೇರೆ ಯಾರ ಹೆಸರೂ ಬರಲಿಲ್ಲ. ಚಿಕ್ಕ ಹುಡುಗಿ, ಗಾಬರಿಯಲ್ಲಿ ಮರೆತಿದ್ದಾಳೆ ಎಂದು ದೊಬ್ರಿನಾ ತನಗೆ ತಾನೇ ಹೇಳಿಕೊಂಡಳು.

ಕಾಲು ಕೂಡಿಕೊಂಡಿತು, ಓಟ ಕೂಡಿಕೊಳ್ಳಲಿಲ್ಲ. ಎರಡು ವರ್ಷ ಹೆಣಗಿದಳು. ಜಿಗಿಯಲು ನೆಲ ಒದೆಯುವ ಕ್ಷಣದಲ್ಲಿ ಮನಸ್ಸು ಹಿಂಜರಿಯುತ್ತಿತ್ತು. ಕಡೆಗೆ ಮೇಷ್ಟ್ರೇ, “ಸಾಕು ಬಿಡು ಮಗಳೇ. ನನ್ನ ಜೊತೆ ಇರು. ಹುಡುಗಿಯರಿಗೆ ತೋರಿಸಿಕೊಡು,” ಎಂದರು. ಮತ್ತೆಲ್ಲಿಗೆ ಹೋದಾಳು? ಸಹಾಯಕಿಯಾಗಿ ಉಳಿದಳು. ಸರಕಾರ ಬಿತ್ತು, ಹೊಸದು ಬಂತು, ಕ್ಲಬ್ಬಿನ ಹೆಸರು ಎರಡು ಸಲ ಬದಲಾಯಿತು, ಮೈದಾನದ ಅರ್ಧಕ್ಕೆ ಯಾರೋ ಟೈರ್ ಗೋದಾಮು ಕಟ್ಟಿದರು. ಇಸ್ಕ್ರಾ ಮತ್ತೆರಡು ಪದಕ ಗೆದ್ದು, ಇಟಲಿಯವನೊಬ್ಬನನ್ನು ಮದುವೆಯಾಗಿ ಅಲ್ಲೇ ನೆಲೆಸಿದಳು. ಪ್ರತಿ ಹೊಸ ವರ್ಷಕ್ಕೂ ತಪ್ಪದೆ ಕಾಫಿಪುಡಿ, ಉಣ್ಣೆಯ ಶಾಲು, ಒಳ್ಳೆಯ ಬೂಟು ಕಳಿಸುತ್ತಿದ್ದಳು. ಮೇಷ್ಟ್ರು “ಬೆಳ್ಳಿ ಪದಕ ತಯಾರಿಸಿದವರು” ಎಂದು ಹೆಸರಾದರು. ಎದೆಯ ಮೇಲೆ ಬಿಲ್ಲೆ ಹತ್ತಿತು. ದೊಬ್ರಿನಾ ಮಾತ್ರ ಈಟಿ ಒರೆಸಿಡುತ್ತ, ಮರಳು ಹದ ಮಾಡುತ್ತ, ಕುಂಟಿದರೂ ಕುಂಟದ ಹಾಗೆ ನಡೆಯುತ್ತ ನಲವತ್ತು ದಾಟಿದಳು. ವಿಧಿ ಹಾಗಿತ್ತು, ಮಿನ್ಕಾಗೆ ಜ್ವರ ಬಂತು ಎಂದು ಅವಳು ಒಪ್ಪಿಕೊಂಡಿದ್ದಳು. ಜ್ವರದ ಮೇಲೆ ಸಿಟ್ಟು ಮಾಡಿಕೊಳ್ಳಲಾಗುತ್ತದೆಯೇ?

ಒಂದು ಶರತ್ಕಾಲದ ಬೆಳಿಗ್ಗೆ ಸಂತೆಯಲ್ಲಿ ಕೆಂಪು ಮೆಣಸಿನಕಾಯಿ ಕೊಳ್ಳುತ್ತಿದ್ದಾಗ ಯಾರೋ ಬೆನ್ನಿಗೆ ಗುದ್ದಿದರು. ತಿರುಗಿದರೆ ಮಿನ್ಕಾ. ಮೈ ತುಂಬಿಕೊಂಡು ಎರಡರಷ್ಟಾಗಿದ್ದಳು. ಇಬ್ಬರೂ ಚೀಲ ಕೆಳಗಿಟ್ಟು ಹಳೆಯದನ್ನು ಹರಟಿದರು. ಮಾತು ಪ್ಲೊವ್‌ದಿವ್‌ಗೆ ಬಂತು.

“ನಿನ್ನ ಜ್ವರ ನನ್ನ ಕಾಲು ತಿಂತು ನೋಡು,” ಎಂದು ದೊಬ್ರಿನಾ ನಗೆಯಲ್ಲೇ ಅಂದಳು.

ಮಿನ್ಕಾ ಕಣ್ಣು ಪಿಳಿಪಿಳಿ ಬಿಟ್ಟಳು. “ನಂಗೆಲ್ಲಿ ಜ್ವರ ಇತ್ತೇ?”

“ಮೇಷ್ಟ್ರು ಹೇಳಿದ್ರಲ್ಲ.”

“ಅಯ್ಯೋ, ನಾನು ಬಟ್ಟೆಬರೆ ಕಟ್ಕೊಂಡು ಬಸ್ಸಿಗೆ ತಯಾರಾಗಿ ಕೂತಿದ್ದೆ. ‘ನೀನು ಬರ್ಬೇಡ, ಈ ಸಲ ದೊಬ್ರಿನಾ ಓಡ್ಬೇಕು ಅಂತ ಆಸೆ ಪಟ್ಟಿದಾಳೆ, ಬಾಯಿ ಬಿಡ್ಬೇಡ’ ಅಂದ್ರು. ನನ್ನ ಓಟ ಕಿತ್ಕೊಂಡ್ಲಲ್ಲ ಅಂತ ನಿನ್ನ ಮೇಲೆ ಎಷ್ಟು ದಿನ ಉರ್ಕೊಂಡಿದ್ದೆ ಗೊತ್ತಾ!”

ಮೆಣಸಿನಕಾಯಿಯವನು ತೂಕ ಮಾಡಿ ಚೀಲ ಚಾಚಿದ್ದ. ದೊಬ್ರಿನಾ ದುಡ್ಡು ಕೊಟ್ಟಳು, ಚೀಲ ತೆಗೆದುಕೊಳ್ಳಲು ಮರೆತಳು.

ಅದೇ ತಿಂಗಳು ಮೇಷ್ಟ್ರಿಗೆ ಎಪ್ಪತ್ತು ತುಂಬಿತು. ನದಿ ದಂಡೆಯ ಹೋಟೆಲಿನಲ್ಲಿ ಮಧ್ಯಾಹ್ನದ ಊಟ. ನಗರಸಭೆಯವರು, ಪತ್ರಿಕೆಯವರು, ಹಳೆಯ ಆಟಗಾರರು. ಇಟಲಿಯಿಂದ ಇಸ್ಕ್ರಾ ಕೂಡ ಬಂದಿದ್ದಳು. ಸುಟ್ಟ ಮೀನು, ಟೊಮೆಟೊ ಹೆಚ್ಚಿ ಮೇಲೆ ಬಿಳಿ ಚೀಸು ತುರಿದ ತಟ್ಟೆಗಳು, ಹಣ್ಣಿನ ಸಾರಾಯಿ ರಾಕಿಯಾ. ಮೂಲೆಯಲ್ಲಿ ವಾದ್ಯದವರು. ಒಬ್ಬೊಬ್ಬರೇ ಎದ್ದು ಲೋಟ ಎತ್ತಿ ಮೇಷ್ಟ್ರನ್ನು ಹೊಗಳಿದರು. ಯಾರೋ ದೊಬ್ರಿನಾಳ ಹೆಸರೂ ಕೂಗಿದರು: “ಬಲಗೈ ಬಂಟಳು ಮಾತಾಡ್ಲಿ!”

ಅವಳು ಎದ್ದಳು. ಒಂದು ತೊಟ್ಟೂ ಕುಡಿದಿರಲಿಲ್ಲ.

“ಮೇಷ್ಟ್ರೇ, ನಿಮಗೆ ನೂರು ವರ್ಷ ಆಗ್ಲಿ,” ಎಂದಳು. “ಒಂದೇ ಒಂದು ಮಾತು ಕೇಳ್ತೀನಿ. ಮಿನ್ಕಾಗೆ ಜ್ವರ ಇತ್ತಾ?”

ಜನಕ್ಕೆ ತಿಳಿಯಲಿಲ್ಲ. ಮೇಷ್ಟ್ರಿಗೆ ತಿಳಿಯಿತು. ಅವರ ಕೈಯ ಫೋರ್ಕು ಮೀನಿನ ಮೇಲೆ ನಿಂತಿತು. ದೊಬ್ರಿನಾ ಸುತ್ತಲಿನವರ ಕಡೆ ತಿರುಗಿ ಆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು: ಒಂದೇ ಸ್ಥಾನ, ಇಬ್ಬರು ಹುಡುಗಿಯರು, ಬಾರದ ಜ್ವರ, ಕಡಿದ ಕಾಲು. ದನಿ ಏರಿಸಲಿಲ್ಲ. ಹಿಂದಿನ ಮೇಜಿನವನೊಬ್ಬ, “ಇವಳಿಗೆ ರಾಕಿಯಾ ಜಾಸ್ತಿ ಆಯ್ತು, ಕೂರ್ಸ್ರಪ್ಪಾ,” ಎಂದ.

ಮೇಷ್ಟ್ರು ಕೈ ಎತ್ತಿ ಅವನನ್ನು ಸುಮ್ಮನಿರಿಸಿದರು. ಮೇಜು ಹಿಡಿದುಕೊಂಡು ನಿಧಾನ ಎದ್ದರು.

“ಅವಳು ಹೇಳಿದ್ದು ನಿಜ. ಜ್ವರ ಇರ್ಲಿಲ್ಲ.” ಪತ್ರಿಕೆಯವನು ಪೆನ್ನು ತೆಗೆದ. “ದೊಬ್ರಿನಾಗೆ ಇಪ್ಪತ್ತಾರು, ಇಸ್ಕ್ರಾಗೆ ಹತ್ತೊಂಬತ್ತು. ಇವಳು ಒಂದು ಪದಕ ತರ್ತಿದ್ಲು, ಅವಳು ಮೂರು ತರ್ತಾಳೆ ಅಂತ ನನಗೆ ಗೊತ್ತಿತ್ತು. ತಂದ್ಲು. ದೊಬ್ರಿನಾ ಕಾಲು ಕಡೀಲಿ ಅಂತ ನಾನು ಬಯಸ್ಲಿಲ್ಲ, ದೇವರಾಣೆ. ದಣೀಲಿ ಅಂತ ಅಷ್ಟೆ. ದಣಿದಿದ್ರೆ ಸೋಫಿಯಾದಲ್ಲಿ ಚೂರು ಹಿಂದೆ ಬೀಳ್ತಿದ್ಲು, ತಪ್ಪು ತನ್ನದೇ ಅಂದ್ಕೊಂಡು ಸುಮ್ಮನಾಗ್ತಿದ್ಲು. ತರಬೇತುದಾರನ ಕೆಲಸ ಕಟುಕನ ಕೆಲಸ. ಒಂದನ್ನ ಕಡಿದೇ ಇನ್ನೊಂದನ್ನ ಬೆಳೆಸ್ಬೇಕು. ಇಷ್ಟು ವರ್ಷ ಎದೆಯಲ್ಲಿ ಇಟ್ಕೊಂಡಿದ್ದೆ. ಇವತ್ತು ಹಗುರಾಯ್ತು.”

ಅವರ ಕಣ್ಣಲ್ಲಿ ನೀರಿತ್ತು. ಮೊದಲು ನಗರಸಭೆಯವನು ಚಪ್ಪಾಳೆ ತಟ್ಟಿದ. ಆಮೇಲೆ ಪತ್ರಿಕೆಯವನು. ಆಮೇಲೆ ಎಲ್ಲರೂ ಎದ್ದು ನಿಂತರು. “ಎಂಥ ಮನುಷ್ಯ ನೋಡಿ! ಈ ವಯಸ್ಸಲ್ಲಿ ಹೀಗೆ ಒಪ್ಪಿಕೊಳ್ಳೋಕೆ ಎದೆ ಬೇಕು,” ಎಂದು ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. ಜನ ಸಾಲುಗಟ್ಟಿ ಹೋಗಿ ಮೇಷ್ಟ್ರನ್ನು ತಬ್ಬಿದರು. ಯಾರೋ ದೊಬ್ರಿನಾಳನ್ನೂ ಮುಂದಕ್ಕೆ ತಳ್ಳಿದರು, “ಹೋಗಮ್ಮ, ನೀನೂ ತಬ್ಬಿಕೋ, ಕ್ಷಮಿಸಿಬಿಡು,” ಎಂದು. ಫೋಟೋದವನು ಕ್ಯಾಮೆರಾ ಹಿಡಿದು ತಯಾರಾಗಿದ್ದ. ವಾದ್ಯದವರು ಕುಣಿತದ ಧಾಟಿ ಹಿಡಿದರು.

ಅವಳು ತಬ್ಬಿಕೊಳ್ಳಲಿಲ್ಲ. ಜನರನ್ನು ಸರಿಸಿಕೊಂಡು ಹೊರಗಿನ ಜಗಲಿಗೆ ಬಂದಳು. ಹಿಂದೆಯೇ ಇಸ್ಕ್ರಾ ಬಂದಳು, ಕೈಯಲ್ಲಿ ದೊಬ್ರಿನಾಳ ಕೋಟು ಹಿಡಿದು.

“ಅಕ್ಕಾ.”

ದೊಬ್ರಿನಾ ಅವಳ ಮುಖ ನೋಡಿದಳು. ಆ ಮುಖದಲ್ಲಿ ಆಶ್ಚರ್ಯದ ಗುರುತೇ ಇರಲಿಲ್ಲ. “ನಿಂಗೂ ಗೊತ್ತಿತ್ತಾ?”

ಇಸ್ಕ್ರಾ ನದಿಯ ಕಡೆ ನೋಡಿದಳು. “ಪ್ಲೊವ್‌ದಿವ್‌ಗೆ ನೀವೆಲ್ಲ ಹೊರಡೋ ಮುಂಚೇನೇ ಮೇಷ್ಟ್ರು ‘ಸ್ಥಾನ ನಿನ್ನದು, ತಯಾರಾಗು’ ಅಂದಿದ್ರು. ಹೇಗೆ ಅಂತ ನಾನು ಕೇಳ್ಲಿಲ್ಲ. ನಂಗೆ ಹತ್ತೊಂಬತ್ತು ವರ್ಷ ಕಣಕ್ಕಾ.”

“ಅವತ್ತು ಹತ್ತೊಂಬತ್ತು. ಆಮೇಲೆ?”

ಇಸ್ಕ್ರಾ ಅಳತೊಡಗಿದಳು. ದೊಬ್ರಿನಾ ಕೋಟು ಇಸಿದುಕೊಂಡು ಹಾಕಿಕೊಂಡಳು. ಕಾಲಲ್ಲಿದ್ದದ್ದು ಇಟಲಿಯ ಬೂಟು. ಬಿಚ್ಚಿ ಮುಖಕ್ಕೆ ಎಸೆಯಬೇಕೆನಿಸಿತು. ಹೊರಗೆ ಮಳೆ ಹಿಡಿದಿತ್ತು, ಬರಿಗಾಲಲ್ಲಿ ಮನೆಯವರೆಗೆ ನಡೆಯುವ ವಯಸ್ಸೂ ಅಲ್ಲ, ಕಾಲೂ ಅಲ್ಲ. ಬೂಟಿನಲ್ಲೇ ನಡೆದು ಹೋದಳು.

ಮರುದಿನದ ಸ್ಥಳೀಯ ಪತ್ರಿಕೆಯಲ್ಲಿ ‘ಹಿರಿಯರ ದೊಡ್ಡತನ’ ಎಂದು ಮೇಷ್ಟ್ರ ಫೋಟೋ ಬಂತು. ಸೋಮವಾರ ದೊಬ್ರಿನಾ ಮೈದಾನಕ್ಕೆ ಹೋಗಲಿಲ್ಲ, ಮಂಗಳವಾರವೂ ಹೋಗಲಿಲ್ಲ. ಯಾರಾದರೂ ಬಂದು ಕರೆದಾರು, ಕರೆದರೆ ಏನೇನು ಹೇಳಬೇಕು ಎಂದೆಲ್ಲ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದಳು. ಆ ಮಾತುಗಳು ಚೆನ್ನಾಗಿದ್ದವು, ಹರಿತವಾಗಿದ್ದವು.

ಗುರುವಾರ ಬೆಳಿಗ್ಗೆ ಅಂಗಳದಲ್ಲಿ ಮೆಣಸಿನಕಾಯಿ ಸುಡುತ್ತಿದ್ದಾಗ ಫೋನು ಬಡಿದುಕೊಂಡಿತು. ಮಸಿ ಹಿಡಿದ ಕೈ ಏಪ್ರನ್ನಿಗೆ ಒರೆಸಿಕೊಂಡು ಓಡಿ ಹೋಗಿ ಎತ್ತಿದಳು. ಕ್ಲಬ್ಬಿನಿಂದ.

“ದೊಬ್ರಿನಾ ಅಕ್ಕಾ, ಈಟಿ ಕೋಣೆಯ ಬೀಗದ ಕೈ ಎಲ್ಲಿದೆ? ಮಕ್ಕಳು ಕಾಯ್ತಾ ಇದಾರೆ.”

ಅವಳು ಸ್ವಲ್ಪ ಹೊತ್ತು ಕಾದಳು. ಆ ಕಡೆಯವನು ಮತ್ತೇನೂ ಕೇಳಲಿಲ್ಲ.

“ಬಾಗಿಲ ಹಿಂದೆ, ಮೊಳೆಗೆ ಹಾಕಿದೀನಿ,” ಎಂದಳು.

“ಹಾಂ, ಸಿಕ್ತು,” ಎಂದು ಅವನು ಫೋನಿಟ್ಟ. ಅಂಗಳದಿಂದ ಮೆಣಸಿನಕಾಯಿ ಸೀದ ವಾಸನೆ ಒಳಗೆ ಬರುತ್ತಿತ್ತು.